ಹುಟ್ಟುಗುಣ, ಕಲಿತ ಗುಣ: ಎಚ್.ಜಿ. ವೆಲ್ಸ್ ಕಂಡ ಮನುಷ್ಯ

ವಿಜ್ಞಾನ ಕಾದಂಬರಿ ಎಂದರೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು ರಾಕೆಟ್ಟು, ರೋಬೋಟು, ಬೇರೆ ಗ್ರಹದಿಂದ ಬಂದ ವಿಚಿತ್ರ ಪ್ರಾಣಿ, ಕೊನೆಗೊಂದು ದೊಡ್ಡ ಸ್ಫೋಟ. ಮಕ್ಕಳು ಕಣ್ಣರಳಿಸಿ ನೋಡುವ ಸಿನಿಮಾ. ದೊಡ್ಡವರು ಪಕ್ಕದ ಕೋಣೆಯಲ್ಲಿ ಕಾಫಿ ಕುಡಿಯುತ್ತ ಸಹಿಸಿಕೊಳ್ಳುವ ಗದ್ದಲ. ಆದರೆ ಈ ಸಾಹಿತ್ಯ ಪ್ರಕಾರಕ್ಕೆ ತಳಪಾಯ ಹಾಕಿದವರಲ್ಲಿ ಪ್ರಮುಖರಾದ ಎಚ್.ಜಿ. ವೆಲ್ಸ್ (1866–1946) ತಮ್ಮ ಕಥೆಗಳ ಬಗ್ಗೆ ಹೇಳಿಕೊಂಡದ್ದು ಬೇರೆಯೇ. 1933ರಲ್ಲಿ ತಮ್ಮ ವಿಜ್ಞಾನ ಕಾದಂಬರಿಗಳ ಸಂಪುಟಕ್ಕೆ ಅವರೊಂದು ಮುನ್ನುಡಿ ಬರೆದರು. ಕಾಲಯಂತ್ರ, ಮಾಯವಾಗುವ ಮದ್ದು, ಮಂಗಳ ಗ್ರಹದ ಉಕ್ಕಿನ ದೈತ್ಯರು ಇವೆಲ್ಲ ಓದುಗನನ್ನು ಒಳಗೆ ಕರೆದುಕೊಳ್ಳುವ ಬಾಗಿಲು ಮಾತ್ರ. ಒಳಗೆ ಹೋದ ಮೇಲೆ ನೋಡಬೇಕಾದದ್ದು ಮನುಷ್ಯರನ್ನು ಎಂಬುದು ಆ ಮುನ್ನುಡಿಯ ಸಾರ.

ನಾನು ಸಾಹಿತ್ಯದ ವಿದ್ಯಾರ್ಥಿಯಲ್ಲ. ಕರ್ನಾಟಕದಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ 1980ರ ದಶಕದ ಕೊನೆಯಲ್ಲಿ ಇಂಗ್ಲೆಂಡಿಗೆ ಬಂದು, ನಿವೃತ್ತಿಯಾಗುವವರೆಗೆ ಎನ್.ಎಚ್.ಎಸ್. ಆಸ್ಪತ್ರೆಗಳಲ್ಲಿ ಕೆಲಸ ಮಾಡಿದ ವೈದ್ಯ. ವೆಲ್ಸ್ ಬಳಿ ನಾನು ಹೋದದ್ದು ಕಾದಂಬರಿಯ ದಾರಿಯಿಂದಲ್ಲ, ಸಕ್ಕರೆ ಕಾಯಿಲೆಯ ದಾರಿಯಿಂದ. ಅದು ಹೇಗೆಂದು ಮುಂದೆ ಹೇಳುತ್ತೇನೆ. ನಿವೃತ್ತಿಯ ನಂತರ ಅವರ ಪುಸ್ತಕಗಳನ್ನು ಒಂದೊಂದಾಗಿ ಓದುತ್ತ ಹೋದಂತೆ, ಈ ಮನುಷ್ಯ ಜೀವನವಿಡೀ ಒಂದೇ ಪ್ರಶ್ನೆಯ ಸುತ್ತ ತಿರುಗಿದ್ದಾರೆ ಅನ್ನಿಸಿತು. ನಮ್ಮ ಹಿರಿಯರು ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂದರು. ಹಾಗಾದರೆ ಮನುಷ್ಯ ಬದಲಾಗಬಲ್ಲನೇ? ಬದಲಾಗುವುದಾದರೆ ಯಾವುದರಿಂದ?

ಅಂಗಡಿ, ನೆಲಮಾಳಿಗೆ, ಪ್ರಯೋಗಶಾಲೆ

ಹರ್ಬರ್ಟ್ ಜಾರ್ಜ್ ವೆಲ್ಸ್ ಹುಟ್ಟಿದ್ದು 1866ರ ಸೆಪ್ಟೆಂಬರ್ 21ರಂದು, ಕೆಂಟ್ ಪ್ರಾಂತ್ಯದ ಬ್ರಾಮ್ಲಿಯಲ್ಲಿ. ತಂದೆ ಜೋಸೆಫ್ ಪಿಂಗಾಣಿ ಪಾತ್ರೆಗಳ ಸಣ್ಣ ಅಂಗಡಿಯನ್ನು ಇಟ್ಟುಕೊಂಡಿದ್ದರು, ಜೊತೆಗೆ ವೃತ್ತಿಪರ ಕ್ರಿಕೆಟ್ ಆಡುತ್ತಿದ್ದರು. 1862ರಲ್ಲಿ ಕೆಂಟ್ ಪರವಾಗಿ ಸಸೆಕ್ಸ್ ವಿರುದ್ಧ ಸತತ ನಾಲ್ಕು ಚೆಂಡುಗಳಲ್ಲಿ ನಾಲ್ಕು ವಿಕೆಟ್ ಕಿತ್ತವರು ಇವರೇ. ಕ್ರಿಕೆಟ್ಟಿನ ಹುಚ್ಚಿರುವ ನಮ್ಮ ಬಳಗದವರಿಗೆ ಇಷ್ಟು ಸಾಕು, ವೆಲ್ಸ್ ಮನೆತನದ ಮೇಲೆ ಗೌರವ ಹುಟ್ಟಲು! ಆದರೆ ಅಂಗಡಿ ನಡೆಯಲಿಲ್ಲ. ತಾಯಿ ಸಾರಾ 1880ರಲ್ಲಿ ಸಸೆಕ್ಸಿನ ಅಪ್‌ಪಾರ್ಕ್ ಎಂಬ ಶ್ರೀಮಂತರ ಬಂಗಲೆಗೆ ಮನೆವಾರ್ತೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಹುಡುಗನನ್ನು ಜವಳಿ ಅಂಗಡಿಗೆ ಕೆಲಸ ಕಲಿಯಲು ಹಾಕಿದರು. ದಿನವಿಡೀ ನಿಂತು ಬಟ್ಟೆ ಮಡಚುವ ಆ ಬದುಕನ್ನು ಅವರು ದ್ವೇಷಿಸಿದರು.

ಅಪ್‌ಪಾರ್ಕ್ ಬಂಗಲೆಯಲ್ಲಿ ಒಂದು ವಿಶೇಷವಿತ್ತು. ಅಡುಗೆಮನೆಯಿಂದ ಮುಖ್ಯ ಕಟ್ಟಡಕ್ಕೆ ಆಳುಕಾಳುಗಳು ಓಡಾಡಲು ನೆಲದಡಿಯಲ್ಲಿ ಸುರಂಗಗಳಿದ್ದವು. ಮೇಲೆ ದಿವಾನಖಾನೆ, ಪುಸ್ತಕಗಳು, ಬೆಳಕು. ಕೆಳಗೆ ದೀಪದ ಮಬ್ಬಿನಲ್ಲಿ ಊಟದ ತಟ್ಟೆ ಹೊತ್ತು ನಡೆಯುವವರು. ಮುಂದೆ 1895ರಲ್ಲಿ ಪ್ರಕಟವಾದ ‘ದಿ ಟೈಮ್ ಮಷೀನ್’ ಕಾದಂಬರಿಯಲ್ಲಿ ಕ್ರಿ.ಶ. 8,02,701ನೇ ವರ್ಷಕ್ಕೆ ಹೋದ ಪ್ರಯಾಣಿಕ ಕಾಣುವುದು ಇದನ್ನೇ. ನೆಲದ ಮೇಲೆ ಹೂವಿನಂತೆ ಕೋಮಲರಾದ, ಬುದ್ಧಿ ಮಂಕಾದ ಈಲಾಯ್ ಜನ. ನೆಲದಡಿ ಯಂತ್ರ ನಡೆಸುವ, ಕತ್ತಲಿಗೆ ಒಗ್ಗಿದ ಮಾರ್ಲಾಕ್ ಜನ. ಮೇಲಿನವರಿಗೆ ಬಟ್ಟೆಬರೆ ಒದಗಿಸುವವರು ಕೆಳಗಿನವರು. ರಾತ್ರಿ ಮೇಲಿನವರನ್ನು ಹಿಡಿದು ತಿನ್ನುವವರೂ ಅವರೇ. ಭವಿಷ್ಯದ ಕಥೆ ಎಂದು ಓದುಗರು ತಿಳಿದದ್ದು ಸ್ವತಃ ಲೇಖಕರ ತಾಯಿ ಕೆಲಸ ಮಾಡಿದ ಮನೆಯ ನಕ್ಷೆ!

1884ರಲ್ಲಿ ವಿದ್ಯಾರ್ಥಿವೇತನ ದೊರೆತು ವೆಲ್ಸ್ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ನಿನ ವಿಜ್ಞಾನ ಶಾಲೆಗೆ ಸೇರಿದರು. ಅಲ್ಲಿ ಜೀವಶಾಸ್ತ್ರ ಕಲಿಸಿದವರು ಡಾರ್ವಿನ್ನರ ಸಿದ್ಧಾಂತಕ್ಕಾಗಿ ಊರೂರಲ್ಲಿ ವಾದಿಸಿದ ಟಿ.ಎಚ್. ಹಕ್ಸ್‌ಲಿ. ಆ ಒಂದು ವರ್ಷ ಅವರ ಇಡೀ ಬದುಕನ್ನು ತಿದ್ದಿತು. 1887ರಲ್ಲಿ ವೇಲ್ಸಿನ ಶಾಲೆಯೊಂದರಲ್ಲಿ ಮೇಷ್ಟರಾಗಿದ್ದಾಗ ಫುಟ್‌ಬಾಲ್ ಆಟದಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಬಿತ್ತು. ಆಮೇಲೆ ಕೆಮ್ಮಿನಲ್ಲಿ ರಕ್ತ ಬಂತು. ಕ್ಷಯ ಎಂದರು ವೈದ್ಯರು. ಆ ಕಾಲದಲ್ಲಿ ಅದು ಮರಣದಂಡನೆಯ ಹಾಗೆ. 1893ರಲ್ಲಿ ಮತ್ತೆ ರಕ್ತಸ್ರಾವವಾದಾಗ ಪಾಠ ಹೇಳುವ ಕೆಲಸವನ್ನೇ ಬಿಟ್ಟು, ಹಾಸಿಗೆಯಲ್ಲಿ ಕುಳಿತೇ ಮಾಡಬಹುದಾದ ಬರವಣಿಗೆಯನ್ನು ಹೊಟ್ಟೆಪಾಡಿಗೆ ಆರಿಸಿಕೊಂಡರು. ಸಾವು ಹತ್ತಿರವಿದೆ ಎಂದುಕೊಂಡ ಆ ಯುವಕ ಮುಂದಿನ ಐದು ವರ್ಷಗಳಲ್ಲಿ ಬರೆದ ನಾಲ್ಕು ಪುಟ್ಟ ಕಾದಂಬರಿಗಳನ್ನೇ ಜಗತ್ತು ಇಂದಿಗೂ ಓದುತ್ತಿರುವುದು.

ಒಂದೇ ಒಂದು ಅಸಾಧ್ಯ

ವೆಲ್ಸರನ್ನು ಅವರ ಕಾಲದವರು ಫ್ರಾನ್ಸಿನ ಜೂಲ್ಸ್ ವರ್ನ್ ಜೊತೆ ಹೋಲಿಸುತ್ತಿದ್ದರು. ಇಬ್ಬರಿಗೂ ಈ ಹೋಲಿಕೆ ಹಿಡಿಸಲಿಲ್ಲ. ವರ್ನ್ ತಮ್ಮ ಪಾತ್ರಗಳನ್ನು ಚಂದ್ರನ ಕಡೆ ಕಳಿಸಲು ಫಿರಂಗಿಯನ್ನೂ ಸಿಡಿಮದ್ದನ್ನೂ ಬಳಸಿದ್ದರು. ವೆಲ್ಸ್ ಗುರುತ್ವಾಕರ್ಷಣೆಯನ್ನೇ ತಡೆಯುವ ವಸ್ತುವೊಂದನ್ನು ಕಲ್ಪಿಸಿದರು. ಅಂಥ ವಸ್ತು ಎಲ್ಲಿದೆ, ತೋರಿಸಲಿ ನೋಡೋಣ ಎಂದು ವರ್ನ್ ಗೊಣಗಿದರು. 1933ರ ಮುನ್ನುಡಿಯಲ್ಲಿ ವೆಲ್ಸ್ ಇದನ್ನು ಒಪ್ಪಿಕೊಂಡೇ ಉತ್ತರಿಸುತ್ತಾರೆ. ವರ್ನ್ ಬರೆದದ್ದು ನಾಳೆ ನಿಜವಾಗಿ ಮಾಡಬಹುದಾದ ಕೆಲಸಗಳ ಬಗ್ಗೆ. ತಮ್ಮದು ಹಾಗಲ್ಲ, ಒಳ್ಳೆಯ ಕನಸು ಎಷ್ಟು ಹೊತ್ತು ನಂಬಿಸುತ್ತದೋ ಅಷ್ಟು ಹೊತ್ತು ನಂಬಿಸಿದರೆ ಸಾಕು ಎನ್ನುತ್ತಾರೆ.

ಅದೇ ಮುನ್ನುಡಿಯಲ್ಲಿ ಅವರು ಹೇಳುವ ನಿಯಮ ಸರಳ. ಒಂದು ಕಥೆಗೆ ಒಂದೇ ಅಸಾಧ್ಯ ಸಂಗತಿ ಸಾಕು. ಏನು ಬೇಕಾದರೂ ಆಗಬಹುದಾದ ಕಡೆ ಯಾವುದರಲ್ಲೂ ಸ್ವಾರಸ್ಯ ಉಳಿಯುವುದಿಲ್ಲ. ಆ ಒಂದು ಅಸಾಧ್ಯವನ್ನು ಆದಷ್ಟು ಬೇಗ ಒಪ್ಪಿಸಿಬಿಟ್ಟು, ಮಿಕ್ಕಿದ್ದೆಲ್ಲವನ್ನೂ ನಮ್ಮ ಬೀದಿಯ ಹಾಗೆ, ನಮ್ಮ ಮನೆಯ ಹಾಗೆ ಇಡಬೇಕು. ಹಿಂದಿನವರು ಈ ಕೆಲಸಕ್ಕೆ ಮಂತ್ರವಾದಿಯನ್ನೋ ಪಿಶಾಚಿಯನ್ನೋ ಕರೆತರುತ್ತಿದ್ದರು. ಅವುಗಳ ಕಾಲ ಮುಗಿಯಿತು. ಅದಕ್ಕೇ ವಿಜ್ಞಾನದ ನುಡಿಗಟ್ಟನ್ನು ಬಳಸಿಕೊಂಡೆ ಎನ್ನುವಷ್ಟು ಪ್ರಾಮಾಣಿಕರು ಅವರು.

1897ರ ‘ದಿ ಇನ್‌ವಿಸಿಬಲ್ ಮ್ಯಾನ್’ ಕಾದಂಬರಿ ಈ ನಿಯಮಕ್ಕೆ ಒಳ್ಳೆಯ ಉದಾಹರಣೆ. ಗ್ರಿಫಿನ್ ಎಂಬಾತ ವೈದ್ಯಕೀಯ ಓದನ್ನು ಬಿಟ್ಟು ಭೌತಶಾಸ್ತ್ರಕ್ಕೆ ಹೋದವನು. ತನ್ನ ಮೈಯನ್ನು ಯಾರ ಕಣ್ಣಿಗೂ ಬೀಳದಂತೆ ಮಾಡಿಕೊಳ್ಳುತ್ತಾನೆ. ಅಸಾಧ್ಯ ಅಷ್ಟೇ. ಆಮೇಲಿನದೆಲ್ಲ ಲೆಕ್ಕಾಚಾರ. ಮೈ ಕಾಣದಿದ್ದರೂ ಬಟ್ಟೆ ಕಾಣುತ್ತದೆ. ಹಾಗಾಗಿ ಲಂಡನ್ನಿನ ಜನವರಿ ಚಳಿಯಲ್ಲಿ ಬೆತ್ತಲೆ ತಿರುಗಬೇಕು. ಉಂಡ ಅನ್ನ ಜೀರ್ಣವಾಗುವವರೆಗೆ ಹೊಟ್ಟೆಯಲ್ಲಿ ಕಾಣುತ್ತದೆ. ಹಾಗಾಗಿ ಯಾರೆದುರೂ ಉಣ್ಣುವಂತಿಲ್ಲ. ನೆಗಡಿಯಾದರೆ ಸೀನು ತಡೆಯುವಂತಿಲ್ಲ! ಓದುತ್ತ ನಗು ಬರುತ್ತದೆ. ಆದರೆ ಈ ಸಂಶೋಧನೆಗೆ ಹಣ ಬೇಕಾದಾಗ ಆತ ಸ್ವಂತ ತಂದೆಯಿಂದ ಕದ್ದಿದ್ದ. ಆ ಹಣ ಬೇರೆಯವರದ್ದು. ತಂದೆ ಗುಂಡು ಹಾರಿಸಿಕೊಂಡು ಸತ್ತ. ಗ್ರಿಫಿನ್‌ಗೆ ಅದರಿಂದ ಏನೂ ಅನ್ನಿಸುವುದಿಲ್ಲ. ಮದ್ದು ಮೈಯನ್ನು ಮಾತ್ರ ಮರೆಮಾಡಿತು. ಒಳಗಿನದು ಮೊದಲೇ ಹಾಗಿತ್ತು. ಯಾರೂ ನೋಡದಿದ್ದಾಗ ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆ ಎಂಬುದೇ ಇಲ್ಲಿನ ನಿಜವಾದ ಪ್ರಶ್ನೆ.

ಮೊರೋನ ಚಾಕು, ಮೈಸೂರು ಯುದ್ಧದ ಮೂಗು

ವೈದ್ಯನಾದ ನನ್ನನ್ನು ಹೆಚ್ಚು ಕಾಡಿದ್ದು 1896ರ ‘ದಿ ಐಲೆಂಡ್ ಆಫ್ ಡಾಕ್ಟರ್ ಮೊರೋ’. ಬದುಕಿರುವ ಪ್ರಾಣಿಗಳ ಮೇಲೆ ಶಸ್ತ್ರಪ್ರಯೋಗ ಮಾಡುವುದರ ಬಗ್ಗೆ ಬ್ರಿಟನ್ನಿನಲ್ಲಿ ಆಗ ದೊಡ್ಡ ವಾಗ್ವಾದ ನಡೆದಿತ್ತು. 1876ರಲ್ಲಿ ಅದಕ್ಕೊಂದು ಕಾನೂನೂ ಬಂದಿತ್ತು. ಕಾದಂಬರಿಯ ಮೊರೋ ಲಂಡನ್ನಿನ ಹೆಸರಾಂತ ಶರೀರಕ್ರಿಯಾ ವಿಜ್ಞಾನಿ. ಆತನ ಪ್ರಯೋಗಶಾಲೆಯಿಂದ ಚರ್ಮ ಸುಲಿದ ನಾಯಿಯೊಂದು ತಪ್ಪಿಸಿಕೊಂಡು ಗುಟ್ಟು ರಟ್ಟಾಗುತ್ತದೆ. ಆತ ದೂರದ ದ್ವೀಪಕ್ಕೆ ಓಡಿಹೋಗಿ, ಚಿರತೆ, ಹಂದಿ, ಕೋತಿಗಳನ್ನು ಕೊಯ್ದು ಹೊಲಿದು ಮನುಷ್ಯರನ್ನಾಗಿಸಲು ಹೊರಡುತ್ತಾನೆ. ಅವು ಎರಡು ಕಾಲಲ್ಲಿ ನಡೆಯುತ್ತವೆ, ಮಾತಾಡುತ್ತವೆ, ಮೊರೋ ಕೊಟ್ಟ ಕಟ್ಟಳೆಗಳನ್ನು ಗುಂಪಾಗಿ ಕುಳಿತು ಪಠಿಸುತ್ತವೆ. ಆದರೆ ದಿನ ಕಳೆದಂತೆ ಹಳೆಯ ಮಾಂಸ ಮತ್ತೆ ಬೆಳೆಯುತ್ತದೆ, ಪ್ರಾಣಿ ಹಿಂದಿರುಗುತ್ತದೆ.

ತನ್ನ ಕೆಲಸ ಸಾಧ್ಯವೆಂದು ಸಮರ್ಥಿಸಿಕೊಳ್ಳುವಾಗ ಮೊರೋ ಕೊಡುವ ಒಂದು ಉದಾಹರಣೆ ಓದಿ ನಾನು ಪುಸ್ತಕವನ್ನು ಕೆಳಗಿಟ್ಟೆ. ಮೂಗು ಕಳೆದುಕೊಂಡವರಿಗೆ ಹಣೆಯ ಚರ್ಮವನ್ನು ಕೊಯ್ದು, ಕೆಳಕ್ಕೆ ತಿರುಗಿಸಿ, ಮೂಗಿನ ಜಾಗದಲ್ಲಿ ಕೂರಿಸುತ್ತಾರಲ್ಲ, ಅದು ಅಲ್ಲೇ ಬೆಳೆದುಕೊಳ್ಳುತ್ತದಲ್ಲ, ಎನ್ನುತ್ತಾನೆ ಆತ. ವೈದ್ಯಕೀಯ ಪುಸ್ತಕಗಳಲ್ಲಿ ಇದಕ್ಕೆ ‘ಭಾರತೀಯ ವಿಧಾನ’ ಎಂದೇ ಹೆಸರು. ಇದು ಇಂಗ್ಲೆಂಡಿಗೆ ಬಂದ ಕಥೆ ನಮ್ಮ ಮೈಸೂರಿನ ಇತಿಹಾಸಕ್ಕೆ ಸೇರಿದೆ. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠ ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಒಂದು ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದೆ ಇದ್ದು, ಆಮೇಲೆ ಪುಣೆಯ ಬಳಿ ಇಟ್ಟಿಗೆ ಮಾಡುವವರ ಜಾತಿಗೆ ಸೇರಿದ ಒಬ್ಬಾತನಿಂದ ಹಣೆಯ ಚರ್ಮದ ಹೊಸ ಮೂಗು ಹಾಕಿಸಿಕೊಂಡ. ಈ ವರದಿ ಚಿತ್ರಸಮೇತ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಝೀನ್’ ಪತ್ರಿಕೆಯಲ್ಲಿ ಬಂತು. ಅದರಿಂದ ಪ್ರೇರಿತರಾದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಈ ಶಸ್ತ್ರಚಿಕಿತ್ಸೆ ಮಾಡಿ, 1816ರಲ್ಲಿ ಅದರ ಬಗ್ಗೆ ಪುಸ್ತಕ ಬರೆದರು. ಇಂದಿನ ಪ್ಲಾಸ್ಟಿಕ್ ಸರ್ಜರಿಯ ಬೇರುಗಳಲ್ಲಿ ಇದೂ ಒಂದು.

ಮೊರೋನ ಮಾತಿನಲ್ಲಿರುವ ಮೋಸ ಇಲ್ಲೇ ತಿಳಿಯುತ್ತದೆ. ಅನಾಮಿಕ ಚಿಕಿತ್ಸಕನೊಬ್ಬ ಅದೇ ಚಾಕುವಿನಿಂದ, ಅದೇ ಚರ್ಮದಿಂದ ಒಬ್ಬನಿಗೆ ಮುಖ ಹಿಂದಿರುಗಿಸಿದ. ಮೊರೋ ಕೂಡ ಅದೇ ಜ್ಞಾನ ಹಿಡಿದು ಹೊರಟ. ಆದರೆ ಮುಂದಿರುವ ಜೀವದ ನೋವು ಆತನಿಗೆ ಲೆಕ್ಕಕ್ಕೇ ಇಲ್ಲ. ಜ್ಞಾನ ಒಂದೇ, ಹಿಡಿದ ಕೈ ಬೇರೆ.

ಮೊಲದ ಲೆಕ್ಕ

ಈ ಕಾದಂಬರಿ ಬಂದ ವರ್ಷವೇ, 1896ರ ಅಕ್ಟೋಬರಿನಲ್ಲಿ, ವೆಲ್ಸ್ ‘ಫೋರ್ಟ್‌ನೈಟ್ಲಿ ರಿವ್ಯೂ’ ಪತ್ರಿಕೆಗೆ ಮಾನವ ವಿಕಾಸದ ಬಗ್ಗೆ ಒಂದು ಪ್ರಬಂಧ ಬರೆದರು. ಅವರ ಎಲ್ಲ ಕಥೆಗಳ ಬೀಗದ ಕೈ ಅದರಲ್ಲಿದೆ ಎಂದು ನನ್ನ ಅಭಿಪ್ರಾಯ. ಮೊಲ ಕೆಲವೇ ತಿಂಗಳಲ್ಲಿ ಮರಿ ಹಾಕುತ್ತದೆ. ತಲೆಮಾರುಗಳು ಬೇಗ ಉರುಳುತ್ತವೆ. ನೈಸರ್ಗಿಕ ಆಯ್ಕೆಗೆ ಕೆಲಸ ಮಾಡಲು ಅವಕಾಶ ಹೆಚ್ಚು. ಮನುಷ್ಯನಿಗೆ ಒಂದು ತಲೆಮಾರು ಎಂದರೆ ಇಪ್ಪತ್ತೈದು ವರ್ಷ ಎಂದಿಟ್ಟುಕೊಳ್ಳಿ. ಹತ್ತು ಸಾವಿರ ವರ್ಷಗಳಲ್ಲಿ ಬರೀ ನಾನೂರು ತಲೆಮಾರು. ಹಾಗಾಗಿ ಮೈಯಲ್ಲಿ, ಸಹಜ ಪ್ರವೃತ್ತಿಯಲ್ಲಿ ನಾವು ಹಳೆ ಶಿಲಾಯುಗದವರಿಗಿಂತ ಹೆಚ್ಚು ಬೇರೆಯಲ್ಲ ಎಂಬುದು ಅವರ ವಾದ. ಮತ್ತೆ ಈ ನಾಗರಿಕತೆ? ಅದು ರಕ್ತದಲ್ಲಿ ಬಂದದ್ದಲ್ಲ. ಭಾಷೆ, ಸಂಪ್ರದಾಯ, ಪುಸ್ತಕ, ಶಾಲೆ, ಅಜ್ಜಿ ಹೇಳಿದ ಕಥೆ ಇವುಗಳಿಂದ ಪ್ರತಿ ಮಗುವಿಗೂ ಹೊಸದಾಗಿ ತೊಡಿಸಿದ್ದು. ಹುಟ್ಟಿನ ಮನುಷ್ಯನ ಮೇಲೆ ಕಲಿಕೆಯ ಮನುಷ್ಯ.

ನಾಲ್ಕು ದಶಕಗಳ ವೈದ್ಯವೃತ್ತಿಯಲ್ಲಿ ಇದರ ಮೊದಲ ಅರ್ಧವನ್ನು ನಾನು ದಿನವೂ ಕಂಡಿದ್ದೇನೆ. ಬರಗಾಲಕ್ಕೆಂದು ಕೊಬ್ಬು ಕೂಡಿಡುವ ಮೈ, ಸೂಪರ್‌ಮಾರ್ಕೆಟ್ಟಿನ ಬಾಗಿಲಲ್ಲಿ ನಿಂತಿದೆ. ಸಿಹಿ ಕಂಡರೆ ಬಿಡಬೇಡ ಎಂದು ಕಾಡಿನಲ್ಲಿ ಕಲಿತ ನಾಲಗೆ, ಹಬ್ಬದ ಮನೆಯಲ್ಲಿ ಮೂರನೆಯ ಹೋಳಿಗೆಗೆ ಕೈ ಚಾಚುತ್ತದೆ. ನಮ್ಮಂಥ ದಕ್ಷಿಣ ಏಷ್ಯಾ ಮೂಲದವರಿಗೆ ಈ ಅಪಾಯ ಇನ್ನೂ ಹೆಚ್ಚು. ಅದಕ್ಕೇ ಈ ದೇಶದ ವೈದ್ಯಕೀಯ ಮಾರ್ಗಸೂಚಿಗಳು ಬಿ.ಎಂ.ಐ. 25 ಅಲ್ಲ, 23 ದಾಟಿದರೇ ನಮ್ಮನ್ನು ಎಚ್ಚರಿಸುತ್ತವೆ.

ಎರಡನೆಯ ಅರ್ಧವನ್ನು 2020ರಲ್ಲಿ ಎಲ್ಲರೂ ಕಂಡೆವು. ಕೋವಿಡ್ ಬಂದ ಮೊದಲ ವಾರಗಳಲ್ಲಿ ಅಂಗಡಿಯ ಕಪಾಟುಗಳು ಬರಿದಾದವು. ಸಭ್ಯರೆಂದು ನಾವು ತಿಳಿದವರೇ ಗಾಡಿ ತುಂಬ ಪೇರಿಸಿಕೊಂಡು ಹೋದರು. ಅದೇ ವಾರಗಳಲ್ಲಿ ಪರಿಚಯವೇ ಇಲ್ಲದ ನೆರೆಯವರು ವಯಸ್ಸಾದವರ ಬಾಗಿಲಲ್ಲಿ ಹಾಲು, ಬ್ರೆಡ್ಡು, ಮಾತ್ರೆ ಇಟ್ಟು ಹೋದರು. ಎರಡೂ ನಾವೇ. ಮೊದಲನೆಯದಕ್ಕೆ ಯಾರೂ ಪಾಠ ಹೇಳಿಕೊಡಬೇಕಿರಲಿಲ್ಲ.

ವೋಕಿಂಗ್‌ನ ಮಸೀದಿ, ಟಾಸ್ಮೇನಿಯಾದ ಜನ

1895ರಲ್ಲಿ ವೆಲ್ಸ್ ಲಂಡನ್ನಿನ ಹೊರವಲಯದ ವೋಕಿಂಗ್ ಊರಿಗೆ ಬಂದು ನೆಲೆಸಿದರು. ಸೈಕಲ್ ಕಲಿತರು. ಸೈಕಲ್ಲಿನಲ್ಲಿ ಸುತ್ತಾಡುತ್ತ ಯಾವ ಬೀದಿಯನ್ನು, ಯಾರ ಮನೆಯನ್ನು ಮಂಗಳ ಗ್ರಹದವರ ಕೈಲಿ ನಾಶಮಾಡಿಸಬೇಕೆಂದು ಗುರುತು ಹಾಕಿಕೊಂಡರು! 1898ರಲ್ಲಿ ಪುಸ್ತಕವಾಗಿ ಬಂದ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಹುಟ್ಟಿದ್ದು ಹೀಗೆ. ಅದರಲ್ಲಿ ಮಂಗಳದವರ ಶಾಖಕಿರಣಕ್ಕೆ ಬಲಿಯಾಗುವ ಕಟ್ಟಡಗಳಲ್ಲಿ ಒಂದು ಮಸೀದಿಯ ಶಿಖರವೂ ಇದೆ. ಅದು ಕಲ್ಪನೆಯಲ್ಲ. ಭೋಪಾಲದ ಶಾಹ್‌ಜಹಾನ್ ಬೇಗಂ ಅವರ ಧನಸಹಾಯದಿಂದ 1889ರಲ್ಲಿ ಕಟ್ಟಿದ ಆ ಮಸೀದಿ ವೋಕಿಂಗ್‌ನಲ್ಲಿ ಇಂದಿಗೂ ಇದೆ.

ಕಥೆಯ ಬೀಜ ಬಿತ್ತಿದವರು ವೆಲ್ಸರ ಅಣ್ಣ ಫ್ರಾಂಕ್. ಇಬ್ಬರೂ ಸರ್ರೆಯ ಹಸಿರಿನಲ್ಲಿ ನಡೆಯುತ್ತಿದ್ದಾಗ, ಬೇರೆ ಗ್ರಹದವರು ಈಗ ಇಲ್ಲಿ ಇಳಿದು ಎಲ್ಲರನ್ನೂ ಕೊಲ್ಲತೊಡಗಿದರೆ ಏನಾದೀತು ಎಂದು ಫ್ರಾಂಕ್ ಕೇಳಿದರು. ಯೂರೋಪಿನವರು ಬಂದಿಳಿದಾಗ ಟಾಸ್ಮೇನಿಯಾದ ಮೂಲನಿವಾಸಿಗಳಿಗೆ ಆದದ್ದು ಅವರ ಮಾತಿನಲ್ಲಿತ್ತು. ವೆಲ್ಸ್ ಅದನ್ನು ಕಾದಂಬರಿಯ ಮೊದಲ ಅಧ್ಯಾಯದಲ್ಲೇ ಇಟ್ಟರು: ಮಂಗಳದವರನ್ನು ಕ್ರೂರಿಗಳೆನ್ನುವ ಮೊದಲು ನಮ್ಮವರು ಟಾಸ್ಮೇನಿಯಾದಲ್ಲಿ ಮಾಡಿದ್ದನ್ನು ನೆನೆಯಬೇಕು ಎಂಬ ಅರ್ಥದಲ್ಲಿ. (ಆ ಜನ ಸಂಪೂರ್ಣ ನಾಶವಾದರೆಂದು ಆಗ ನಂಬಿದ್ದರು, ಅವರ ಸಂತತಿ ಇಂದಿಗೂ ಇದೆ.) ವಿಕ್ಟೋರಿಯಾ ರಾಣಿಯ ಸಾಮ್ರಾಜ್ಯ ಉತ್ತುಂಗದಲ್ಲಿದ್ದ ಕಾಲದಲ್ಲಿ, ಆ ಸಾಮ್ರಾಜ್ಯದ ರಾಜಧಾನಿಯವರನ್ನೇ ‘ಮೂಲನಿವಾಸಿ’ಗಳ ಜಾಗದಲ್ಲಿ ನಿಲ್ಲಿಸಿದ ಧೈರ್ಯ ಸಣ್ಣದಲ್ಲ.

ಮಂಗಳದವರು ಸೋಲುವುದು ಫಿರಂಗಿಗಳಿಗಲ್ಲ, ಸೂಕ್ಷ್ಮಾಣುಗಳಿಗೆ. ಕಾಖ್ ಕ್ಷಯದ ಸೂಕ್ಷ್ಮಾಣುವನ್ನು ಗುರುತಿಸಿದ್ದು 1882ರಲ್ಲಿ. ಹದಿನಾರೇ ವರ್ಷಗಳಲ್ಲಿ ಆ ಹೊಸ ಜ್ಞಾನ ಕಾದಂಬರಿಯ ಕೊನೆಯನ್ನು ನಿರ್ಧರಿಸಿತು. ಆದರೆ ಪುಸ್ತಕ ಮುಚ್ಚಿದ ಮೇಲೆ ನನಗೆ ನೆನಪಿನಲ್ಲಿ ಉಳಿಯುವುದು ಇನ್ನೊಂದು ದೃಶ್ಯ. ಕುಸಿದ ಮನೆಯೊಂದರಲ್ಲಿ ನಿರೂಪಕನೂ ಒಬ್ಬ ಪಾದ್ರಿಯೂ ಸಿಕ್ಕಿಕೊಂಡಿದ್ದಾರೆ, ಹೊರಗೆ ಮಂಗಳದವರು. ಹಸಿವಿನಿಂದ, ಭಯದಿಂದ ಬುದ್ಧಿ ಕಳೆದುಕೊಂಡ ಪಾದ್ರಿ ಕೂಗತೊಡಗುತ್ತಾನೆ. ತತ್ತ್ವಶಾಸ್ತ್ರ ಬರೆಯುವ ಸುಸಂಸ್ಕೃತ ನಿರೂಪಕ ಮಾಂಸ ಕೊಚ್ಚುವ ಕತ್ತಿಯ ಹಿಡಿಯಿಂದ ಆತನನ್ನು ಹೊಡೆದು ಬೀಳಿಸುತ್ತಾನೆ. ಕೆಲವು ದಿನಗಳ ಹಸಿವು ಸಾಕಾಯಿತು, ಕಲಿತದ್ದು ಕಳಚಿಕೊಳ್ಳಲು.

ನಮ್ಮಂಥವರ ಬಗ್ಗೆ ಬರೆದ ಪುಟಗಳು

ಇಲ್ಲಿಗೇ ನಿಲ್ಲಿಸಿದರೆ ವೆಲ್ಸರನ್ನು ಹೊಗಳಿದಂತಾಗುತ್ತದೆ, ನಿಜ ಹೇಳಿದಂತಾಗುವುದಿಲ್ಲ. 1901ರಲ್ಲಿ ಅವರು ‘ಆ್ಯಂಟಿಸಿಪೇಷನ್ಸ್’ ಎಂಬ ಪುಸ್ತಕ ಬರೆದರು. ಇಪ್ಪತ್ತನೆಯ ಶತಮಾನ ಹೇಗಿರುತ್ತದೆಂಬ ಊಹೆಗಳಿವೆ ಅದರಲ್ಲಿ, ಹಲವು ನಿಜವಾದವು. ಆದರೆ ಅದರ ಕೊನೆಯ ಅಧ್ಯಾಯದಲ್ಲಿ, ಹೊಸ ಜಗತ್ತಿನ ದಕ್ಷತೆಗೆ ಹೊಂದದ ಕಪ್ಪು, ಕಂದು, ಹಳದಿ ಬಣ್ಣದ ಜನಸಮೂಹಗಳು ಅಳಿದುಹೋಗಬೇಕಾಗುತ್ತದೆ ಎಂದು ತಣ್ಣಗೆ ಬರೆಯುತ್ತಾರೆ. 1904ರಲ್ಲಿ ಫ್ರಾನ್ಸಿಸ್ ಗಾಲ್ಟನ್ ‘ಸುಸಂತಾನ ಶಾಸ್ತ್ರ’ದ ಬಗ್ಗೆ ಉಪನ್ಯಾಸ ಕೊಟ್ಟಾಗ, ಯೋಗ್ಯರನ್ನು ಆರಿಸಿ ಕೂಡಿಸುವುದಕ್ಕಿಂತ ಅಯೋಗ್ಯರಿಗೆ ಸಂತಾನವಾಗದಂತೆ ಮಾಡುವುದರಲ್ಲಿ ಫಲ ಹೆಚ್ಚು ಎಂದವರೂ ಇವರೇ.

ಕಂದು ಬಣ್ಣದ ಓದುಗನಾಗಿ ಆ ಪುಟಗಳನ್ನು ಓದುವುದು ಸುಲಭವಲ್ಲ. ಟಾಸ್ಮೇನಿಯಾದ ಜನರಿಗಾಗಿ ಮರುಗಿದ ಲೇಖನಿಯೇ ಮೂರು ವರ್ಷಗಳ ನಂತರ ಇದನ್ನು ಬರೆಯಿತೇ? ನಾನು ಈ ದೇಶಕ್ಕೆ ಬಂದ ಹೊಸದರಲ್ಲಿ ಕೆಲವು ರೋಗಿಗಳು ‘ಬಿಳಿ ಡಾಕ್ಟರ್ ಇಲ್ಲವೇ?’ ಎಂದು ಕೇಳುತ್ತಿದ್ದರು. ಆ ಮಾತು ಅವರು ಹುಟ್ಟಿಸಿಕೊಂಡದ್ದಲ್ಲ. ಅದರ ಹಿಂದೆ ಓದಿದವರೇ ಬರೆದ ಇಂಥ ಪುಟಗಳ ದೊಡ್ಡ ರಾಶಿಯಿದೆ. ಸುಸಂತಾನದ ಹೆಸರಿನಲ್ಲಿ ಮುಂದೆ ಅಮೆರಿಕದಲ್ಲಿ, ಜರ್ಮನಿಯಲ್ಲಿ ಏನಾಯಿತು ಎಂಬುದು ಎಲ್ಲರಿಗೂ ಗೊತ್ತು. ಅದರಲ್ಲಿ ವೈದ್ಯರ ಪಾಲು ದೊಡ್ಡದು ಎಂಬುದನ್ನು ನಮ್ಮ ವೃತ್ತಿಯವರು ಮರೆಯಬಾರದು.

ತಮ್ಮ ಕಾದಂಬರಿ ಮೊದಲೇ ಕೊಟ್ಟ ಎಚ್ಚರಿಕೆಯನ್ನು ಪ್ರಬಂಧಕಾರ ವೆಲ್ಸ್ ಕೇಳಲಿಲ್ಲ. ಚಾಕುವಿನಿಂದ ಮನುಷ್ಯರನ್ನು ‘ಸುಧಾರಿಸಲು’ ಹೊರಟವನು ಮೊರೋ. 1901ರ ವೆಲ್ಸ್ ಅದೇ ದ್ವೀಪಕ್ಕೆ ದೋಣಿ ಹತ್ತಿದರು. ಒಳ್ಳೆಯದೆಂದರೆ ಅವರು ಅಲ್ಲೇ ಉಳಿಯಲಿಲ್ಲ. 1905ರ ‘ಎ ಮಾಡರ್ನ್ ಯುಟೋಪಿಯಾ’ದಲ್ಲಿ ಜನಾಂಗದ ಬಗ್ಗೆಯೇ ಒಂದು ಅಧ್ಯಾಯ ಬರೆದು, ಒಂದು ಜನಾಂಗ ಇನ್ನೊಂದಕ್ಕಿಂತ ಮೇಲು ಎಂಬ ನಂಬಿಕೆಯನ್ನು ಕಟುವಾಗಿ ಟೀಕಿಸಿದರು. ಮತ್ತೆ 35 ವರ್ಷಗಳ ನಂತರ ಅವರು ಎಲ್ಲಿಗೆ ತಲುಪಿದರು ಎಂಬುದನ್ನು ನೋಡುವ ಮೊದಲು, ನಡುವೆ ಬಂದ ಒಂದು ಕಾಯಿಲೆಯ ಕಥೆ ಹೇಳಬೇಕು.

ಸಕ್ಕರೆ ಕಾಯಿಲೆಯವರ ಸಂಘ

1930ರ ದಶಕದ ಆರಂಭದಲ್ಲಿ ವೆಲ್ಸರಿಗೆ ಸಕ್ಕರೆ ಕಾಯಿಲೆ ಇರುವುದು ಪತ್ತೆಯಾಯಿತು. ಅವರಿಗೆ ಚಿಕಿತ್ಸೆ ಕೊಟ್ಟವರು ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ಡಾ. ಆರ್.ಡಿ. ಲಾರೆನ್ಸ್. ಲಾರೆನ್ಸರದೇ ಒಂದು ಕಥೆ. ಯುವಕರಾಗಿದ್ದಾಗಲೇ ತೀವ್ರ ಸಕ್ಕರೆ ಕಾಯಿಲೆ ಬಂದು, ಉಳಿದ ದಿನಗಳನ್ನು ಕಳೆಯಲು ಇಟಲಿಯ ಫ್ಲಾರೆನ್ಸಿಗೆ ಹೋಗಿದ್ದರು. ಅಷ್ಟರಲ್ಲಿ ಕೆನಡಾದ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ 1921ರಲ್ಲಿ ಇನ್ಸುಲಿನ್ ಬೇರ್ಪಡಿಸಿದ್ದರು. 1923ರಲ್ಲಿ ಸುದ್ದಿ ತಿಳಿದು ಲಂಡನ್ನಿಗೆ ಧಾವಿಸಿದ ಲಾರೆನ್ಸ್, ಇನ್ಸುಲಿನ್ ಚುಚ್ಚಿಸಿಕೊಂಡು ಬದುಕಿದರು. ಮುಂದೆ ಈ ಕಾಯಿಲೆಯ ದೊಡ್ಡ ತಜ್ಞರಾದರು.

ಆಗ ಎನ್.ಎಚ್.ಎಸ್. ಇರಲಿಲ್ಲ; ಅದು ಬಂದದ್ದು 1948ರಲ್ಲಿ. ಇನ್ಸುಲಿನ್ ಇತ್ತು, ಆದರೆ ಬಡವರ ಕೈಗೆಟಕುತ್ತಿರಲಿಲ್ಲ. ಊಟ, ಪಥ್ಯ, ಸೂಜಿಯ ಬಗ್ಗೆ ಹೇಳಿಕೊಡುವವರೂ ಕಡಿಮೆ. ರೋಗಿ ಮತ್ತು ವೈದ್ಯ ಇಬ್ಬರೂ ಸೇರಿ 1934ರಲ್ಲಿ, ವೆಲ್ಸರ ಲಂಡನ್ ಮನೆಯಲ್ಲೇ, ಡಯಾಬಿಟಿಕ್ ಅಸೋಸಿಯೇಷನ್ ಎಂಬ ಸಂಘ ಕಟ್ಟಿದರು. ವೆಲ್ಸ್ ‘ದಿ ಟೈಮ್ಸ್’ ಪತ್ರಿಕೆಗೆ ಕಾಗದ ಬರೆದು, ಈ ಕಾಯಿಲೆಯಿರುವ ಬಡವ ಬಲ್ಲಿದರೆಲ್ಲ ಒಟ್ಟಾಗಿ ಒಬ್ಬರಿಗೊಬ್ಬರು ಆಗಬೇಕೆಂದು ಕರೆಕೊಟ್ಟರು. ಅವರೇ ಮೊದಲ ಅಧ್ಯಕ್ಷರು. ರೋಗಿಗಳು ತಾವೇ ಕಲೆತು, ತಮ್ಮ ಕಾಯಿಲೆಯ ಬಗ್ಗೆ ತಾವೇ ಕಲಿತು, ಸರ್ಕಾರವನ್ನೂ ವೈದ್ಯರನ್ನೂ ಪ್ರಶ್ನಿಸುವುದು ಅಂದಿಗೆ ಹೊಸ ಮಾತು. ಆ ಸಂಘವೇ ಇಂದಿನ ‘ಡಯಾಬಿಟಿಸ್ ಯು.ಕೆ.’ ನನ್ನ ರೋಗಿಗಳಿಗೆ ನಾನು ವರ್ಷಗಟ್ಟಲೆ ಕೊಟ್ಟ ಕರಪತ್ರಗಳು ಅವರದೇ. ಅದರ ಸ್ಥಾಪಕ ಯಾರೆಂದು ಹುಡುಕಿದಾಗಲೇ ನನಗೆ ವೆಲ್ಸ್ ಸಿಕ್ಕಿದ್ದು.

ಕಾಲಯಂತ್ರದ ಲೇಖಕ ಚಂದಾ ಎತ್ತುವ ಸಂಘದ ಅಧ್ಯಕ್ಷರಾಗಿ ಕೂತದ್ದು ಮೇಲುನೋಟಕ್ಕೆ ಸಣ್ಣ ವಿಷಯ. ಆದರೆ 1896ರ ಪ್ರಬಂಧವನ್ನು ನೆನೆದರೆ ಇದೇ ಅವರ ನಿಜವಾದ ಉತ್ತರ ಎಂದು ನನಗನ್ನಿಸುತ್ತದೆ. ಹಳೆಯ ಮೈ ಬದಲಾಗುವುದಿಲ್ಲ. ಸಕ್ಕರೆ ಅರಗಿಸಿಕೊಳ್ಳಲಾಗದ ಮೇದೋಜೀರಕ ಗ್ರಂಥಿಗೆ ಉಪದೇಶ ಮಾಡಿ ಫಲವಿಲ್ಲ. ಬದಲಾಗಬಲ್ಲದ್ದು ನಾವು ಒಬ್ಬರಿಗೊಬ್ಬರು ಕಲಿಸುವ, ಒಬ್ಬರಿಗೊಬ್ಬರು ನಿಲ್ಲುವ ರೀತಿ.

ಕೊನೆಯ ವರ್ಷಗಳು

1939ರಲ್ಲಿ ಯುದ್ಧ ಶುರುವಾದಾಗ ವೆಲ್ಸರಿಗೆ 72 ವರ್ಷ. ಈ ಯುದ್ಧ ಯಾವುದಕ್ಕಾಗಿ ಎಂದು ಕೇಳಿ, ಮನುಷ್ಯನ ಹಕ್ಕುಗಳ ಒಂದು ಕರಡನ್ನು ಸಿದ್ಧಪಡಿಸುವ ಕೆಲಸಕ್ಕೆ ಮುಂದಾದರು. 1940ರಲ್ಲಿ ಅದರ ಬಗ್ಗೆ ಪುಸ್ತಕ ಬಂತು. ಜನಾಂಗ, ಬಣ್ಣ, ಮತಗಳ ಭೇದವಿಲ್ಲದೆ ಪ್ರತಿಯೊಬ್ಬರಿಗೂ ಅನ್ನ, ಬಟ್ಟೆ, ವೈದ್ಯಕೀಯ ಆರೈಕೆ ಸಲ್ಲಬೇಕು ಎಂಬುದು ಅದರ ಆರಂಭದಲ್ಲೇ ಇದೆ. 1901ರ ಆ ಅಧ್ಯಾಯ ಬರೆದ ಕೈಯೇ ಇದನ್ನೂ ಬರೆಯಿತು. ಅವರು ಗಾಂಧೀಜಿಯ ಅಭಿಪ್ರಾಯ ಕೇಳಿದಾಗ, ಹಕ್ಕುಗಳನ್ನು ಕಾಯುವವರು ಯಾರು, ಮೊದಲು ಕರ್ತವ್ಯಗಳ ಪಟ್ಟಿ ಮಾಡಿ, ಹಕ್ಕುಗಳು ತಾವಾಗಿ ಹಿಂಬಾಲಿಸುತ್ತವೆ ಎಂಬರ್ಥದ ಉತ್ತರ ಬಂತು. ಯಾರು ಸರಿ ಎಂಬ ಚರ್ಚೆಯನ್ನು ನಮ್ಮ ಮಕ್ಕಳು ಊಟದ ಮೇಜಿನಲ್ಲಿ ಮಾಡಲಿ. 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಒಪ್ಪಿದ ಮಾನವ ಹಕ್ಕುಗಳ ಘೋಷಣೆಗೆ ದಾರಿ ಮಾಡಿಕೊಟ್ಟವುಗಳಲ್ಲಿ ವೆಲ್ಸರ ಕರಡೂ ಒಂದು. ಅದರ ಮೊದಲ ವಿಧಿಯ ಇಂಗ್ಲಿಷ್ ಪಾಠದಲ್ಲಿ ಎಲ್ಲ ಗಂಡಸರು ಎಂದೂ ಓದಬಹುದಾಗಿದ್ದ ಮಾತನ್ನು ತೆಗೆಸಿ, ಎಲ್ಲ ಮಾನವ ಜೀವಿಗಳು ಎಂದು ಬರೆಸಿದವರು ಭಾರತದ ಹಂಸಾ ಮೆಹ್ತಾ.

ವೆಲ್ಸ್ ಅದನ್ನು ನೋಡಲು ಇರಲಿಲ್ಲ. ಅದಕ್ಕೂ ಮೊದಲು ಇನ್ನೊಂದನ್ನು ನೋಡಿದರು. 1914ರ ‘ದಿ ವರ್ಲ್ಡ್ ಸೆಟ್ ಫ್ರೀ’ ಕಾದಂಬರಿಯಲ್ಲಿ ಅವರು ‘ಅಣುಬಾಂಬ್’ ಕಲ್ಪಿಸಿದ್ದರು. 1932ರಲ್ಲಿ ಅದನ್ನು ಓದಿದ ಹಂಗೇರಿಯ ಭೌತವಿಜ್ಞಾನಿ ಲಿಯೋ ಝಿಲಾರ್ಡ್‌ಗೆ, ಮರುವರ್ಷ ಲಂಡನ್ನಿನ ಬೀದಿಯೊಂದನ್ನು ದಾಟುವಾಗ ಪರಮಾಣು ಸರಪಳಿ ಕ್ರಿಯೆಯ ಯೋಚನೆ ಹೊಳೆಯಿತು. 1945ರ ಆಗಸ್ಟಿನಲ್ಲಿ ಹಿರೋಷಿಮಾ. ಒಂದೇ ಒಂದು ಅಸಾಧ್ಯ ಸಾಧ್ಯವಾಗಿತ್ತು. ಮಿಕ್ಕಿದ್ದೆಲ್ಲ ಮೊದಲಿನ ಹಾಗೇ ಇತ್ತು. ಆ ವರ್ಷ ಬಂದ ಅವರ ಕೊನೆಯ ಪುಸ್ತಕದಲ್ಲಿ ನಿರಾಶೆ ತುಂಬಿದೆ. 1946ರ ಆಗಸ್ಟ್ 13ರಂದು ಲಂಡನ್ನಿನ ಹ್ಯಾನೋವರ್ ಟೆರೇಸ್‌ನ ಮನೆಯಲ್ಲಿ ತೀರಿಕೊಂಡರು.

ಆ ನಿರಾಶೆಯನ್ನು ಅವರ ಕೊನೆಯ ತೀರ್ಪು ಎಂದು ನಾನು ಒಪ್ಪುವುದಿಲ್ಲ. ರೋಗಿ ಕೊನೆಯ ವಾರದಲ್ಲಿ ಹೇಳಿದ್ದನ್ನು ಮಾತ್ರ ಬರೆದುಕೊಂಡು ಆತನ ಇಡೀ ಜೀವನವನ್ನು ಅಳೆಯುವ ವೈದ್ಯ ಒಳ್ಳೆಯ ವೈದ್ಯನಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯನ್ನು ವೆಲ್ಸ್ ಒಪ್ಪುತ್ತಿದ್ದರು. ಅದಕ್ಕೇ ಕಲಿತ ಗುಣವನ್ನು ಪ್ರತಿ ತಲೆಮಾರಿಗೂ ಮತ್ತೆ ಕಲಿಸಲೇಬೇಕು ಎಂದೂ ಸೇರಿಸುತ್ತಿದ್ದರು. ಪರದೇಶದಲ್ಲಿ ಕುಳಿತು ಶನಿವಾರದ ಕನ್ನಡ ತರಗತಿ ನಡೆಸುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕನ್ನಡ ರಕ್ತದಲ್ಲಿ ಇಳಿದು ಬರುವುದಿಲ್ಲ. ಒಂದೇ ತಲೆಮಾರು ಸುಮ್ಮನಿದ್ದರೆ ಸಾಕು, ಹೋಗಿಬಿಡುತ್ತದೆ. ಸೌಜನ್ಯವೂ ನ್ಯಾಯವೂ ಹಾಗೆಯೇ.

ಮುಂದಿನ ರಜೆಗೆ ಮಕ್ಕಳನ್ನು ವೋಕಿಂಗ್‌ಗೆ ಕರೆದೊಯ್ಯಿರಿ. ಊರ ನಡುವೆ 1998ರಲ್ಲಿ ನಿಲ್ಲಿಸಿದ ಮೂರು ಕಾಲಿನ ಮಂಗಳದವನ ಲೋಹದ ಪ್ರತಿಮೆಯಿದೆ. ಫೋಟೋ ತೆಗೆಸಿಕೊಳ್ಳಲು ಚೆನ್ನಾಗಿದೆ. ಅಲ್ಲಿಂದ ಆ ಮಸೀದಿಯನ್ನೂ ನೋಡಿಕೊಂಡು, ಮೊದಲ ಆಕಾಶನೌಕೆ ಬಂದು ಬಿದ್ದಿತೆಂದು ವೆಲ್ಸ್ ಬರೆದ ಹಾರ್ಸೆಲ್ ಕಾಮನ್‌ನ ಮರಳುಗುಂಡಿಯವರೆಗೆ ನಡೆದು ಹೋಗಿ. ದಾರಿಯಲ್ಲಿ ಮಕ್ಕಳು ಮಂಗಳದವರು ನಿಜವಾಗಿ ಬರುತ್ತಾರಾ ಎಂದು ಕೇಳಿದರೆ, ಟಾಸ್ಮೇನಿಯಾದ ಕಥೆ ಹೇಳಿ.